ಕಣ್ಣಳತೆಯ ರಂಗಮಂದಿರ

ಭರತನಾಟ್ಯಕ್ಕೆಂದೇ ಕಟ್ಟಿದ ರಂಗಮಂದಿರವೊಂದನ್ನು ನೋಡಬೇಕಾದರೆ ಚೆನ್ನೈಯ ಪೋರೂರಿನ ಕನ್ನಡಿಗರು ನಗರವನ್ನು ಅಡ್ಡಹಾಯ್ದು ಕಡಲ ಬದಿಯ ತಿರುವಾನ್ಮಿಯೂರಿಗೆ ಹೋಗಬೇಕು. ಅಷ್ಟು ದೂರ ಹೋದದ್ದು ವ್ಯರ್ಥವಾಗದು. ರುಕ್ಮಿಣಿ ದೇವಿ ಅರುಂಡೇಲ್ 1936ರಲ್ಲಿ ಆರಂಭಿಸಿದ ಕಲಾಕ್ಷೇತ್ರದ ಆವರಣದಲ್ಲಿ, ನೃತ್ಯ ಕಲಿಯುವ ಮಕ್ಕಳ ತರಗತಿಗಳಿಗೆ ಹತ್ತಿರದಲ್ಲೇ, ಕೂತ್ತಂಬಲಂ ಇದೆ. ಕೇರಳದ ದೇವಾಲಯಗಳಲ್ಲಿ ಕೂಡಿಯಾಟ್ಟಂ ಆಡುವ ಶಾಲೆಯ ಮಾದರಿಯಲ್ಲಿ ಇದನ್ನು ರೂಪಿಸಿದವರು ಎಂಜಿನಿಯರ್ ಡಿ. ಅಪ್ಪುಕುಟ್ಟನ್ ನಾಯರ್.

ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯ ಮನುಷ್ಯರ ರಂಗಮಂದಿರಕ್ಕೆ 64 ಹಸ್ತ ಉದ್ದ, 32 ಹಸ್ತ ಅಗಲ ಸಾಕೆನ್ನುತ್ತದೆ. ಅದಕ್ಕಿಂತ ಹಿಗ್ಗಿಸಿದರೆ ಮಾತು ಚದುರುತ್ತದೆ, ಮುಖದ ಭಾವ ಕಾಣದಾಗುತ್ತದೆ. ಘಟಿಕೋತ್ಸವಕ್ಕೂ ನೃತ್ಯಕ್ಕೂ ಒಂದೇ ಸಭಾಂಗಣ ಕಟ್ಟುವ ನಮ್ಮ ಕಾಲೇಜುಗಳು ಈ ಅಳತೆಯನ್ನು ಮರೆತಿವೆ. ಕಡೆಯ ಸಾಲಿನವರಿಗೆ ಅಭಿನಯ ಕಾಣುವುದು ಪರದೆಯ ಮೇಲೆ ಮಾತ್ರ. ಕಲಾಕ್ಷೇತ್ರದ ಮಂದಿರ ಕಣ್ಣಿನ ಚಲನೆಗೆ ಬೆಲೆ ಕೊಡುತ್ತದೆ. ಅದರ ದೊಡ್ಡ ಗುಣ ಅದೇ.

ಆದರೂ ಒಂದು ತೊಡಕಿದೆ. ಕೂಡಿಯಾಟ್ಟಂನಲ್ಲಿ ಒಬ್ಬ ನಟ ದೀಪದೆದುರು ನಿಂತು ಒಂದೇ ಶ್ಲೋಕವನ್ನು ಗಂಟೆಗಟ್ಟಲೆ ಬಿಡಿಸಬಲ್ಲ. ಕಲಾಕ್ಷೇತ್ರದ ಬಾನಿಗೆ ನೀಳ ಕೈ, ನೇರ ರೇಖೆ, ಸಾಲುಸಾಲು ನರ್ತಕರ ಗುಂಪು ಬೇಕು. ಪದ, ಜಾವಳಿಗಳು ಇಲ್ಲಿ ಅರಳುತ್ತವೆ. ಆದರೆ ಕಲಾಕ್ಷೇತ್ರದ ರಾಮಾಯಣ ನೃತ್ಯನಾಟಕಗಳ ಪಟ್ಟಾಭಿಷೇಕದ ದೃಶ್ಯ ಇನ್ನಷ್ಟು ಜಾಗ ಬೇಡುತ್ತದೆ.

ಆ ರಾಮಾಯಣ ನೃತ್ಯನಾಟಕಗಳಿಗೆ ನಾದದ ತಳಪಾಯ ಹಾಕಿದವರು ನಮ್ಮ ಮೈಸೂರು ವಾಸುದೇವಾಚಾರ್ಯರು. ಅರಮನೆಯ ಆಸ್ಥಾನ ವಿದ್ವಾಂಸರಾಗಿದ್ದ, ‘ನಾ ಕಂಡ ಕಲಾವಿದರು’ ಬರೆದ ಆ ಹಿರಿಯರು ತೊಂಬತ್ತರ ವಯಸ್ಸಿನ ಆಸುಪಾಸಿನಲ್ಲಿ ಕಲಾಕ್ಷೇತ್ರದಲ್ಲಿ ಕೂತು ವಾಲ್ಮೀಕಿಗೆ ರಾಗ ಕಟ್ಟಿದರು. ಅವರು 1961ರಲ್ಲಿ ತೀರಿಕೊಂಡ ಮೇಲೆ ಉಳಿದ ಭಾಗಗಳನ್ನು ಮೊಮ್ಮಗ ಎಸ್. ರಾಜಾರಾಂ ಪೂರೈಸಿದರು. ಕನ್ನಡಿಗರು ಈ ಋಣಾನುಬಂಧವನ್ನು ಸಾಕಷ್ಟು ನೆನೆದಿಲ್ಲ ಎಂಬ ಕೊರಗು ನನಗಿದೆ.

ಆ ಸಂಗೀತಕ್ಕೆ ಮೈಕ್ ಹಚ್ಚುವುದನ್ನಂತೂ ನಾನು ಒಪ್ಪಲಾರೆ. ಬರಿಯ ಕೊರಳಿಗೆ, ಬರಿಯ ಮೃದಂಗಕ್ಕೆ ಹೊಂದುವ ಕಟ್ಟಡದ ಮಾದರಿಯನ್ನು ಆರಿಸಿಕೊಂಡು, ಸ್ಪೀಕರಿನಿಂದ ಅದನ್ನು ತುಂಬಿಸಿದರೆ ಗಾಯಕಿಯ ಉಸಿರು, ತಾಳದ ಲೋಹದ ಸದ್ದು, ಗೆಜ್ಜೆ ಎಲ್ಲವೂ ಒಂದೇ ದಿಕ್ಕಿನಿಂದ ಬಂದಂತಾಗುತ್ತದೆ. ಇಲ್ಲಿ ಕಲಿಯುವವರಿಗೆ ದನಿಯನ್ನು ದೂರಕ್ಕೆ ಮುಟ್ಟಿಸುವ ಅಭ್ಯಾಸವೂ ತಪ್ಪುತ್ತದೆ. ವರ್ಷದ ಕಲಾ ಉತ್ಸವದಲ್ಲಿ ಒಂದು ಸಂಜೆಯನ್ನಾದರೂ ಮೈಕಿಲ್ಲದೆ ನಡೆಸಲಿ, ಹಿಮ್ಮೇಳದಲ್ಲಿ ವಿದ್ಯಾರ್ಥಿಗಳೇ ಹಾಡಲಿ.