ಮೋರಿಯಾದ ಬೆಳ್ಳಿ

ಅದ್ಭುತಕಥೆಯಲ್ಲಿ ಅಪೂರ್ವ ಲೋಹವೊಂದನ್ನು ಕಲ್ಪಿಸುವುದು ಸುಲಭ. ಗಣಿಯಲ್ಲಾಗಲಿ ಪೇಟೆಯಲ್ಲಾಗಲಿ ಇಲ್ಲದ ಆ ವಸ್ತುವಿಗೆ ಬೆಲೆಯುಂಟೆಂದು ಓದುಗನನ್ನು ಒಪ್ಪಿಸುವುದು ಮಾತ್ರ ಅತಿ ಕಷ್ಟ. ಜೆ. ಆರ್. ಆರ್. ಟೋಲ್ಕಿನ್ನರ ಮಿಥ್ರಿಲ್ ಈ ಪರೀಕ್ಷೆಯಲ್ಲಿ ಗೆದ್ದಿರುವುದು ಮಂತ್ರಶಕ್ತಿಯ ನೆರವಿಲ್ಲದೆ, ಲೋಭವೆಂಬ ಸರ್ವಪರಿಚಿತ ಮಾನದಂಡದಿಂದ.

1954ರಲ್ಲಿ ಪ್ರಕಟವಾದ ‘ದಿ ಫೆಲೋಶಿಪ್ ಆಫ್ ದಿ ರಿಂಗ್’ನಲ್ಲಿ ಕುಬ್ಜರ ಹಳೆಯ ನೆಲದಡಿಯ ರಾಜ್ಯವಾದ ಮೋರಿಯಾದ ಕತ್ತಲೆಯ ನಡುವೆ ತಂಗಿದ್ದ ಮಾಂತ್ರಿಕ ಗ್ಯಾಂಡಾಲ್ಫನು, ಹಗುರವಾಗಿದ್ದೂ ಉಕ್ಕಿಗಿಂತ ಗಟ್ಟಿಯಾದ, ಬೆಳ್ಳಿಯ ಕಾಂತಿಯಿದ್ದೂ ಕಂದದ ಈ ಧಾತುವಿಗೆ ಹಿಂದೆ ಚಿನ್ನದ ಹತ್ತರಷ್ಟು ಬೆಲೆಯಿತ್ತೆಂದೂ, ಗಣಿ ಕೈತಪ್ಪಿದ ಮೇಲೆ ಅದಕ್ಕೆ ಬೆಲೆ ಕಟ್ಟುವಂತೆಯೇ ಇಲ್ಲವೆಂದೂ, ಅದರ ಜಾಡು ಹಿಡಿದು ಮಿತಿಮೀರಿದ ಆಳಕ್ಕೆ ಅಗೆದ ಕುಬ್ಜರು ಅಲ್ಲಿದ್ದ ಘೋರಶಕ್ತಿಯೊಂದನ್ನು ಎಚ್ಚರಿಸಿ ರಾಜ್ಯವನ್ನೇ ಕಳೆದುಕೊಂಡರೆಂದೂ ಹೇಳುತ್ತಾನೆ. ಇಡೀ ಶೈರ್ ನಾಡಿಗಿಂತ ಹೆಚ್ಚು ಬೆಲೆಬಾಳುವ ಮಿಥ್ರಿಲ್ ಕವಚವನ್ನು ಅಲ್ಲಿಯ ಹಾಬಿಟ್ ಬಿಲ್ಬೋ ಊರಿನ ವಸ್ತುಸಂಗ್ರಹಾಲಯಕ್ಕೆ ಎರವು ಕೊಟ್ಟಿದ್ದನೆಂಬ ಹಾಸ್ಯವೂ ಈ ಚರಿತ್ರೆಯ ಜೊತೆಗೇ ಬೆರೆತಿದೆ. (ಗ್ರಂಥಕರ್ತರೂ ಕವಚದ ಬೆಲೆಯನ್ನು ತಡವಾಗಿಯೇ ಗುರುತಿಸಿದರೆನ್ನಬೇಕು: 1937ರ ‘ದಿ ಹಾಬಿಟ್’ನಲ್ಲಿ ಬೆಳ್ಳಿಲೇಪದ ಉಕ್ಕಿನದಾಗಿದ್ದ ಆ ಕವಚ ಆ ಪುಸ್ತಕದಲ್ಲಿ ಮಿಥ್ರಿಲ್ ಎನಿಸಿಕೊಂಡದ್ದು 1966ರ ಪರಿಷ್ಕರಣದಲ್ಲಿ.)

ಬಿಲ್ಬೋನಿಂದ ಅವನ ವಾರಸುದಾರ ಫ್ರೋಡೋನಿಗೆ ಬಂದು, ಮೋರಿಯಾದಲ್ಲಿ ಓರ್ಕ್ ಎಂಬ ರಾಕ್ಷಸರ ನಾಯಕನ ಈಟಿಯನ್ನು ತಡೆದ ಕವಚ, ದೈತ್ಯಜೇಡ ಶೆಲಾಬಳು ಫ್ರೋಡೋನ ಕುತ್ತಿಗೆಗೆ ಕುಟುಕಿದಾಗ ನಿಷ್ಪ್ರಯೋಜಕವಾಗುತ್ತದೆ. ಆದರೆ ಶತ್ರುಗಳು ಅವನನ್ನು ಸೆರೆಯಿಟ್ಟ ಕಿರಿತ್ ಉಂಗೋಲ್ ಗೋಪುರದಲ್ಲಿ ಅದೇ ಕವಚದ ಆಸೆಗಾಗಿ ಓರ್ಕ್‌ಗಳ ಎರಡು ಪಡೆಗಳು ಪರಸ್ಪರ ಕಡಿದಾಡಿ ನಾಶವಾದುದರಿಂದಲೇ ಸೇವಕ ಸ್ಯಾಮ್ ಒಬ್ಬನೇ ಒಳಹೊಕ್ಕು ತನ್ನೊಡೆಯನನ್ನು ಬಿಡಿಸುವುದು ಸಾಧ್ಯವಾಗುತ್ತದೆ. ಕವಚವು ತೊಟ್ಟವನನ್ನು ಕಾಯ್ದುದಕ್ಕಿಂತ, ಕಳಚಿಕೊಂಡವರನ್ನು ಕೊಂದುದೇ ಹೆಚ್ಚು ಉಪಕಾರವಾಯಿತು. ಕುಬ್ಜರನ್ನು ಕೆಡಿಸಿದ ಲೋಭವೇ ಇಲ್ಲಿ ಶತ್ರುವನ್ನೂ ಕೆಡಿಸುವಂತೆ ಕಥೆಯನ್ನು ಹೆಣೆದಿರುವ ಕೌಶಲ ಅಸಾಮಾನ್ಯವಾದುದು. ಎಲ್ಲಿಯೂ ಅದನ್ನು ವಿವರಿಸದಿರುವ ಸಂಯಮವಂತೂ ಇನ್ನೂ ದೊಡ್ಡದು.

ಈ ಸಂಯಮ ಉತ್ತರಾಧಿಕಾರಿಗಳಿಗೆ ದಕ್ಕಲಿಲ್ಲ. ಆಟಗಳಲ್ಲಿ ಮಿಥ್ರಿಲ್ ಕಬ್ಬಿಣಕ್ಕಿಂತ ಮೇಲಿನ ಒಂದು ದರ್ಜೆ, ಅಷ್ಟೆ. 2022ರ ‘ದಿ ರಿಂಗ್ಸ್ ಆಫ್ ಪವರ್’ ದೂರದರ್ಶನ ಸರಣಿಯಾದರೋ ಅದಕ್ಕೆ ಸಿಡಿಲಿನಿಂದ ಹುಟ್ಟಿದ ದಿವ್ಯಮೂಲವೊಂದನ್ನು ಕಲ್ಪಿಸಿ, ಕ್ಷಯಿಸುತ್ತಿರುವ ಎಲ್ಫರ ಪ್ರಾಣ ಉಳಿಸುವ ಔಷಧವನ್ನಾಗಿ ಮಾಡಿತು. ಪ್ರಾಣಕ್ಕೆ ಅಗತ್ಯವಾದುದನ್ನು ಬಯಸುವುದು ಲೋಭವಾದೀತೆ? ಲೋಭವಿಲ್ಲದ ಮೇಲೆ ಮೋರಿಯಾದ ಪತನಕ್ಕೆ ದುರಂತದ ಘನತೆಯಾದರೂ ಎಲ್ಲಿಂದ ಬರಬೇಕು? ಸರಣಿಯನ್ನು ನೋಡಿ ಮಿಥ್ರಿಲನ್ನು ಬಲ್ಲೆವೆಂದುಕೊಂಡವರು ಮೋರಿಯಾದ ಅಧ್ಯಾಯವನ್ನೂ ಕಿರಿತ್ ಉಂಗೋಲಿನ ಅಧ್ಯಾಯವನ್ನೂ ಒಟ್ಟಿಗಿಟ್ಟುಕೊಂಡು ಒಮ್ಮೆ ಓದಬೇಕೆಂದು ನನ್ನ ಕೋರಿಕೆ.