ಗೂಟ ಕಿತ್ತ ಮೇಲೆ

ನಮ್ಮ ಬಳ್ಳಾರಿ ಸೀಮೆಯ ಎರೆಭೂಮಿಯ ಸ್ವಭಾವವೇ ವಿಚಿತ್ರ. ಮಳೆ ಬಂದರೆ ಕಾಲು ಕಚ್ಚಿ ಹಿಡಿಯುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಟ್ಟು ಕೂರುತ್ತದೆ. ಕೊಳಗಲ್ಲಿನ ಇಂಥ ನೆಲದಲ್ಲಿ ಬರಿಗಾಲಲ್ಲಿ ಓಡಿ ಬೆಳೆದ ನನ್ನ ವಿದ್ಯಾರ್ಥಿನಿಯೊಬ್ಬಳು, ಕೆಲವು ವರ್ಷಗಳ ಹಿಂದೆ ನಾನೂರು ಮೀಟರ್ ಓಟದಲ್ಲಿ ಗೆದ್ದು ಗೆದ್ದು ಮೇಲಿನ ಹಂತದ ಕೂಟಕ್ಕೆ ಆಯ್ಕೆಯಾದಳು. ತಾಯಿ ಮೆಣಸಿನಕಾಯಿ ಬಿಡಿಸುವ ಕೂಲಿಗೆ ಹೋಗುವವಳು. ಹುಡುಗಿಯ ಜೊತೆಗೆ ಹೆಂಗಸರೊಬ್ಬರು ಇರಬೇಕೆಂದು ನನ್ನನ್ನೇ ಕಳುಹಿಸಿದರು.

ಆ ಊರಿನ ಹೆಸರು ಇಲ್ಲಿ ಬೇಡ. ಹಳೆಯ ಕ್ರೀಡಾಂಗಣ. ಮೆಟ್ಟಿಲುಗಳ ಸಿಮೆಂಟು ಉದುರಿ ಕಂಬಿ ಕಾಣುತ್ತಿತ್ತು. ಎರಡನೆಯ ತಿರುವಿನಲ್ಲಿ ನಮ್ಮ ಹುಡುಗಿ ಎಲ್ಲರಿಗಿಂತ ಮುಂದಿದ್ದಳು. ಅಲ್ಲೇ ಕುಸಿದಳು. ಓಡಿ ಹೋಗಿ ನೋಡಿದರೆ ಪಾದ ಒಂದು ಗುಣಿಗೆ ಸಿಕ್ಕಿತ್ತು. ಯಾವುದೋ ಪೆಂಡಾಲಿನ ಗೂಟ ಕಿತ್ತ ಗುಣಿ. ಮೇಲೆ ಮಣ್ಣು ಉದುರಿಸಿದ್ದರೇ ಹೊರತು ತುಂಬಿರಲಿಲ್ಲ. "ಓಡ್ತೀನ್ರಿ ಟೀಚರ್, ಬಿಡ್ರಿ" ಎಂದು ನನ್ನ ಕೈ ಕೊಸರಿಕೊಂಡು ಎದ್ದಳು, ಎರಡು ಹೆಜ್ಜೆ ಇಟ್ಟಳು, ಮತ್ತೆ ಕೂತಳು.

ಆಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ಆ ರಾತ್ರಿ ನಿದ್ದೆ ಬಾರದಿದ್ದುದಕ್ಕೆ ಕಾರಣ ಬೇರೆ. ಅದೇ ಊರಿನಲ್ಲಿ ನನ್ನ ತಂಗಿಯ ಮನೆಯಿದೆ. ಹದಿನೈದು ದಿನಗಳ ಹಿಂದೆ ಅವಳೊಂದಿಗೆ ಅದೇ ಅಂಗಳದಲ್ಲಿ ನಡೆದ ಮೇಳಕ್ಕೆ ಹೋಗಿ, ಚೌಕಾಶಿ ಮಾಡಿ ಇಳಕಲ್ ಸೀರೆಯೊಂದನ್ನು ಕೊಂಡಿದ್ದೆ. ಆ ಗುಣಿಯಲ್ಲಿ ನಿಂತಿದ್ದ ಗೂಟ ಯಾವ ಮಳಿಗೆಯದೋ ಯಾರಿಗೆ ಗೊತ್ತು? ಹಳೆಯ ಕ್ರೀಡಾಂಗಣಗಳಿಗೆ ಹೊಸ ಉಪಯೋಗ ಹುಡುಕಬೇಕು ಎಂಬ ಮಾತನ್ನು ಕೇಳಿದಾಗಲೆಲ್ಲ ನನಗೆ ಆ ಸೀರೆಯೂ ಆ ಪಾದವೂ ಒಟ್ಟಿಗೇ ನೆನಪಾಗುತ್ತವೆ.

ಹಾಗೆಂದು ಹೊಸ ಉಪಯೋಗವೇ ಬೇಡವೆಂದು ನಾನು ಹೇಳಲಾರೆ. ವರ್ಷದ ಬಹುಪಾಲು ಬೀಗ ಬಿದ್ದ ಅಂಗಳವನ್ನು ಸಾಕುವುದು ಸುಲಭವಲ್ಲ. ಸಿಂಥೆಟಿಕ್ ಟ್ರ್ಯಾಕ್ ಹಾಕಿಸಿದರೆ ಮುಗಿಯಿತೆಂದಲ್ಲ. ಓಡಲಿ ಬಿಡಲಿ, ಬಿಸಿಲಿಗೂ ಮಳೆಗೂ ಅದು ಸವೆಯುತ್ತದೆ, ಮತ್ತೆ ಹೊದಿಸಬೇಕು. ಅದಕ್ಕೆ ದುಡ್ಡು ಎಲ್ಲಿಂದಲಾದರೂ ಬರಲೇಬೇಕು.

ನಮ್ಮ ಕಣ್ಣ ಮುಂದಿನ ದೊಡ್ಡ ಉದಾಹರಣೆ ಬೆಂಗಳೂರಿನ ಕಂಠೀರವ ಕ್ರೀಡಾಂಗಣ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಸಜ್ಜುಗೊಂಡ ಅಂಗಳವದು. ಓಟಗಾರರಿಗಿಂತ ಹೆಚ್ಚಾಗಿ ಕನ್ನಡಿಗರ ಮನಸ್ಸಿನಲ್ಲಿ ಅದು ಉಳಿದಿರುವುದು ಬೇರೆ ಕಾರಣಕ್ಕೆ. 2006ರ ಏಪ್ರಿಲ್‌ನಲ್ಲಿ ಡಾ. ರಾಜ್‌ಕುಮಾರ್ ಅವರನ್ನು, 2021ರ ಅಕ್ಟೋಬರ್‌ನಲ್ಲಿ ಪುನೀತ್ ಅವರನ್ನು ನಾಡು ಕೊನೆಯ ಬಾರಿ ಕಂಡದ್ದು ಅಲ್ಲಿ. 2013ರಲ್ಲೂ 2023ರಲ್ಲೂ ಸಿದ್ದರಾಮಯ್ಯನವರು ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದೂ ಅಲ್ಲೇ. ಇವೆಲ್ಲ ನೆಂಟರಿದ್ದಂತೆ. ಬರುತ್ತಾರೆ, ಎರಡು ದಿನ ಇರುತ್ತಾರೆ, ಹೋಗುತ್ತಾರೆ. ಮನೆಯವರು ಅಷ್ಟು ದಿನ ಹೊರಗಿನ ಕಟ್ಟೆಯ ಮೇಲೆ ಮಲಗಿದರೆ ನಷ್ಟವೇನಿಲ್ಲ.

2014ರಲ್ಲಿ ಬಂದ ಫುಟ್‌ಬಾಲ್ ತಂಡ ಮಾತ್ರ ನೆಂಟನಲ್ಲ, ಬಾಡಿಗೆದಾರ. ಅದರಿಂದ ಅಂಗಳಕ್ಕೆ ಕಳೆ ಬಂತೆಂಬುದನ್ನು ಒಪ್ಪಲೇಬೇಕು. 2016ರಲ್ಲಿ ಬೆಂಗಳೂರು ಎಫ್‌ಸಿ ಅಲ್ಲಿ ಆಡಿ ಗೆದ್ದು ಎಎಫ್‌ಸಿ ಕಪ್ಪಿನ ಫೈನಲ್ ತಲುಪಿತು. ಅಷ್ಟು ದೂರ ಹೋದ ಮೊದಲ ಭಾರತೀಯ ತಂಡ ಅದು. ಆದರೆ ಈಟಿ, ಹ್ಯಾಮರ್, ಚಕ್ರ ಎಸೆಯುವವರಿಗೂ ಅದೇ ನಡುವಿನ ಹುಲ್ಲು ಬೇಕು. ಅಭ್ಯಾಸಕ್ಕೆ ಜಾಗ ಸಿಗುತ್ತಿಲ್ಲವೆಂದು ಅಥ್ಲೆಟಿಕ್ಸ್‌ನವರು ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಇಬ್ಬರೂ ಆಟಗಾರರೇ, ಇಲ್ಲಿ ತೀರ್ಪು ಹೇಳುವುದು ಕಷ್ಟ. ಆದರೂ ಒಂದು ಪ್ರಶ್ನೆ ಕೇಳಬಹುದು: ಕಾಯಬೇಕಾಗಿ ಬಂದಾಗ ಯಾರು ಕಾಯುತ್ತಾರೆ? ಟಿಕೆಟ್ ಮಾರಬಲ್ಲವರೋ, ಬೆಳಗಿನ ಐದಕ್ಕೆ ಎದ್ದು ಬಸ್ಸಿನಲ್ಲಿ ಬಂದ ಹುಡುಗಿಯೋ? ಉತ್ತರ ಪ್ರತಿಸಲವೂ ಒಂದೇ ಆದರೆ ಅದನ್ನು ಹಂಚಿಕೆ ಎನ್ನಲಾಗದು.

ಹೊರದೇಶಗಳಲ್ಲಿ ಇನ್ನೂ ಮುಂದೆ ಹೋಗಿದ್ದಾರೆ. ಬಾರ್ಸಿಲೋನಾದಲ್ಲಿ 1900ರಲ್ಲಿ ಕಟ್ಟಿದ ಗೂಳಿ ಕಾಳಗದ ಅಖಾಡವೊಂದು 2011ರಲ್ಲಿ ಅಂಗಡಿಗಳ ಮಾಲ್ ಆಯಿತು. ಹಳೆಯ ಗೋಡೆ ಹೊರಗೆ, ವ್ಯಾಪಾರ ಒಳಗೆ. ಗೂಳಿಗಳಿಗೆ ನಷ್ಟವೇನಿಲ್ಲ, ಆದ್ದರಿಂದ ನನಗೂ ತಕರಾರಿಲ್ಲ. ಅಮೆರಿಕದ ಹ್ಯೂಸ್ಟನ್ ನಗರದ ಆಸ್ಟ್ರೋಡೋಮ್ 1965ರಲ್ಲಿ ತೆರೆದದ್ದು. 2005ರಲ್ಲಿ ಕತ್ರಿನಾ ಚಂಡಮಾರುತದಿಂದ ಮನೆ ಕಳೆದುಕೊಂಡ ಸಾವಿರಾರು ಜನಕ್ಕೆ ಅದೇ ಸೂರಾಯಿತು. ಆದರೂ 2013ರಲ್ಲಿ, ಅದಕ್ಕೆ ಹೊಸ ರೂಪ ಕೊಡಲು ಸಾಲ ಎತ್ತೋಣವೇ ಎಂದು ಮತಕ್ಕೆ ಹಾಕಿದಾಗ ಜನ ಬೇಡವೆಂದರು. ಕಷ್ಟಕಾಲದಲ್ಲಿ ಆಸರೆಯಾದದ್ದನ್ನು ಸುಖಕಾಲದಲ್ಲಿ ನೆನೆಯುವವರು ಎಲ್ಲ ದೇಶಗಳಲ್ಲೂ ಕಡಿಮೆಯೇ!

ನಾನು ಬುದ್ಧಿ ಕಲಿತದ್ದು ಮತ್ತೆ ಕಂಠೀರವದಿಂದಲೇ. ಆ ಕ್ರೀಡಾಂಗಣ ನಿಂತಿರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಅಂದರೆ ಇಂದು ಹೊಸ ಉಪಯೋಗ ಹುಡುಕಿಸಿಕೊಳ್ಳುತ್ತಿರುವ ಅದು, ತಾನೇ ಒಂದು ಮುದಿ ಕೆರೆಯ ಹೊಸ ಉಪಯೋಗ! ಕೆರೆ ಹೋದರೂ ಪಕ್ಕದಲ್ಲಿ ಒಂದು ಸಣ್ಣ ಕೊಳ ಉಳಿದಿದೆ. ಬೆಂಗಳೂರು ಕರಗದ ವಿಧಿಗಳಿಗೆ ಇಂದಿಗೂ ಅಲ್ಲಿಗೇ ಬರುತ್ತಾರೆ. ಕೆರೆಯಷ್ಟನ್ನೂ ನುಂಗಿದವರು ಆ ಕೊಳವನ್ನು ಮುಚ್ಚಲಿಲ್ಲ, ಏಕೆಂದರೆ ಅದನ್ನು ಕೇಳುವವರಿದ್ದರು, ವರ್ಷವರ್ಷವೂ ಬರುವವರಿದ್ದರು. ಓಡುವ ಹೆಣ್ಣುಮಕ್ಕಳ ಪರವಾಗಿ ಹಾಗೆ ತಪ್ಪದೆ ಬಂದು ಕೇಳುವವರು ಯಾರು? ಅವರು ಎರಡು ಮೂರು ವರ್ಷ ಓಡುತ್ತಾರೆ, ಆಮೇಲೆ ಮದುವೆಯೋ ಕೂಲಿಯೋ. ಅವರ ಹಕ್ಕು ಹಳತಾಗುವಷ್ಟು ಕಾಲ ಅವರು ಅಂಗಳದಲ್ಲಿ ಇರುವುದೇ ಇಲ್ಲ.

ನನ್ನ ವಿದ್ಯಾರ್ಥಿನಿಯೂ ಮತ್ತೆ ಓಡಲಿಲ್ಲ. ಕಾಲು ವಾಸಿಯಾಗುವಷ್ಟರಲ್ಲಿ ಹತ್ತನೆಯ ತರಗತಿ ಮುಗಿದಿತ್ತು. ಈಗ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕೆಲಸಕ್ಕೆ ಹೋಗುತ್ತಾಳೆ. ಬಸ್ಸಿನಲ್ಲಿ ಸಿಕ್ಕರೆ ಎದ್ದು ಜಾಗ ಬಿಡುತ್ತಾಳೆ. ಆ ಓಟದ ಮಾತನ್ನು ಅವಳೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ನಮ್ಮ ಶಾಲೆಯ ಅಂಗಳವನ್ನೂ ಊರವರು ಕೇಳುತ್ತಾರೆ. ಮದುವೆಗೆ, ಬಯಲಾಟಕ್ಕೆ, ಸುಗ್ಗಿಯಲ್ಲಿ ಜೋಳ ಒಣಗಿಸಲು. ಕೊಡಬೇಡಿ ಎಂದು ನಾನು ಎಂದೂ ಹೇಳಿಲ್ಲ. ಊರಿನ ಅಂಗಳ ಊರಿಗೇ ಸೇರಿದ್ದು. ಹೆಡ್‌ಮಾಸ್ತರರಿಗೆ ಹೇಳಿ ಒಂದೇ ಕರಾರು ಹಾಕಿಸಿದ್ದೇನೆ: ಗೂಟ ಕಿತ್ತವರೇ ಗುಣಿ ತುಂಬಿ, ನೀರು ಹೊಯ್ದು, ತುಳಿದು ಗಟ್ಟಿ ಮಾಡಬೇಕು. ಮರುದಿನ ಪ್ರಾರ್ಥನೆಗೆ ಮುಂಚೆ ಚಪ್ಪಲಿ ಬಿಟ್ಟು ನಾನು ಅಂಗಳವನ್ನು ಒಂದು ಸುತ್ತು ನಡೆಯುತ್ತೇನೆ. ಟೀಚರಮ್ಮ ಹರಕೆ ಹೊತ್ತಿದ್ದಾಳೆಂದು ಕೆಲವರು ನಗುತ್ತಾರೆ. ನಗಲಿ. ಎಲ್ಲಿ ಮಣ್ಣು ಸಡಿಲವಿದೆಯೆಂದು ಕಾಲಿಗೆ ತಿಳಿಯುತ್ತದೆ.