ಕಿಟಕಿಯ ಉಷ್ಣಗಣನೆ: ಸಿಂಗಪುರದ ಸೂತ್ರದ ಒಂದು ವಿಮರ್ಶೆ

ಉಷ್ಣವಲಯದ ಕಟ್ಟಡಗಳಲ್ಲಿ ಕಿಟಕಿಯ ಮೂಲಕ ಒಳಬರುವ ಉಷ್ಣವನ್ನು ಅಂದಾಜು ಮಾಡುವ ಸೂತ್ರಗಳ ಪೈಕಿ ಸಿಂಗಪುರದ್ದು ಹೆಸರಾದುದು. ಅದರ ಗುಣದೋಷಗಳನ್ನು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಹವಾನಿಯಂತ್ರಿತ ಕಟ್ಟಡದ ಹೊರಗೋಡೆಗಳ ಮೂಲಕ ಒಳಬರುವ ಉಷ್ಣದ ಸರಾಸರಿಯು ಚದರ ಮೀಟರಿಗೆ 45 ವಾಟ್ ಮೀರಕೂಡದೆಂದು ಆ ನಗರರಾಜ್ಯವು 1979ರಲ್ಲಿ ವಿಧಿಸಿತು. ಸೂತ್ರದಲ್ಲಿ ಮೂರು ಪದಗಳು: ಗೋಡೆಯ ವಹನ, ಗಾಜಿನ ವಹನ, ಗಾಜನ್ನು ಹಾಯ್ದು ಬರುವ ಬಿಸಿಲು. ಗಾಜಿನ ವಹನಕ್ಕೆ ಅಂದು ಕೊಟ್ಟ ಗುಣಕ 5, ಬಿಸಿಲಿಗೆ 130. ಬಿಸಿಲಿನ ಪಾಲು ಇದರಿಂದ ಕಡಿಮೆಯಾಗಿ ಎಣಿಕೆಯಾಗುತ್ತದೆಂದು ಕಂಡುಬಂದುದರಿಂದ, 2000ದ ದಶಕದ ಪರಿಷ್ಕೃತ ಸೂತ್ರದಲ್ಲಿ ಅವು ಕ್ರಮವಾಗಿ 3.4 ಮತ್ತು 211 ಆದುವು. ಮಿತಿಯು 50 ವಾಟ್ ಆಯಿತು.

ಈ ತಿದ್ದುಪಡಿಯ ತಾತ್ಪರ್ಯ ದೊಡ್ಡದು. ಒಂಟಿ ಗಾಜಿನ ಉಷ್ಣಪ್ರಸರಣ ಗುಣಾಂಕ 5.8 ಎಂದೂ, ತಿಳಿಗಾಜಿಗೆ ಹೋಲಿಸಿ ಬಿಸಿಲನ್ನು ಒಳಬಿಡುವ ಪ್ರಮಾಣವಾದ ಛಾಯಾಂಕ 0.95 ಎಂದೂ ಇಟ್ಟುಕೊಳ್ಳೋಣ. ಗಾಜಿನ ಪ್ರತಿ ಚದರ ಮೀಟರಿಗೆ ವಹನದಿಂದ ಸುಮಾರು 20 ವಾಟ್, ಬಿಸಿಲಿನಿಂದ ಸುಮಾರು 200 ವಾಟ್ ಬರುತ್ತದೆ. ಪ್ರಸರಣ ಗುಣಾಂಕವನ್ನು ಅರ್ಧಕ್ಕಿಳಿಸಿದರೆ ಉಳಿಯುವುದು 10 ವಾಟ್. ಹೊರಗೆ ನೆರಳು ಕಟ್ಟಿ ಛಾಯಾಂಕವನ್ನು ಅರ್ಧಕ್ಕಿಳಿಸಿದರೆ 100. ಚಳಿನಾಡಿನಲ್ಲಿ ಬೆಚ್ಚನೆ ಉಳಿಸಲೆಂದು ರೂಢಿಗೆ ಬಂದ ಜೋಡಿಗಾಜನ್ನು ಇಲ್ಲಿ ಮೊದಲ ಮದ್ದೆಂದು ಬಗೆಯುವುದು ದುಂದುವೆಚ್ಚವೆಂಬುದು ಇದರಿಂದ ಸ್ಪಷ್ಟ.

ಆದರೆ ಸೂತ್ರಕ್ಕೆ ಎರಡು ಮಿತಿಗಳುಂಟು. ದಿಕ್ಕಿಗೆ ತಕ್ಕ ತಿದ್ದುಗುಣಕಗಳು, ಪಶ್ಚಿಮಕ್ಕೆ 1.23, ಉತ್ತರಕ್ಕೆ 0.80, ಅದರಲ್ಲಿವೆ, ನಿಜ. ಆದರೆ ಕೊನೆಗೆ ಎಲ್ಲ ದಿಕ್ಕುಗಳ ಗೋಡೆಗಳನ್ನೂ ಕೂಡಿಸಿ ಸರಾಸರಿ ತೆಗೆಯುವುದರಿಂದ, ಉತ್ತರದ ಗೋಡೆಯ ಪುಣ್ಯವು ಪಶ್ಚಿಮದ ಕಿಟಕಿಯ ಪಾಪವನ್ನು ಮುಚ್ಚಬಲ್ಲುದು. ಆ ಕಿಟಕಿಯ ಪಕ್ಕದಲ್ಲಿ ಕುಳಿತು ಕೆಲಸ ಮಾಡುವವನನ್ನು ಸುಡುವುದು ಸರಾಸರಿಯಲ್ಲ, ಸಂಜೆಯ ಇಳಿಬಿಸಿಲು. ಎರಡನೆಯದಾಗಿ, ಇದು ವರ್ಷದ ಸರಾಸರಿ. ಯಂತ್ರದ ಗಾತ್ರವನ್ನು ನಿರ್ಧರಿಸಬೇಕಾದುದು ಅತ್ಯಧಿಕ ಹೊರೆಯ ಗಳಿಗೆ. ಮೊದಲನೆಯದನ್ನು ಎರಡನೆಯದರ ಸ್ಥಾನದಲ್ಲಿ ಬಳಸಿದರೆ ಯಂತ್ರವು ಸಾಲದೆ ಹೋಗುವುದು ನಿಶ್ಚಿತ.

ಆದುದರಿಂದ ಈ ಸೂತ್ರವನ್ನು ವಿನ್ಯಾಸಗಳ ತಾರತಮ್ಯ ಅರಿಯುವ ತಕ್ಕಡಿಯೆಂದು ಬೋಧಿಸಬೇಕೇ ಹೊರತು ಹೊರೆಯ ಲೆಕ್ಕವೆಂದಲ್ಲ. ಜೊತೆಗೆ ಒಂದೊಂದು ದಿಕ್ಕಿನ ಗೋಡೆಗೂ ಬೇರೆ ಬೇರೆ ಎಣಿಕೆಯನ್ನು ವಿದ್ಯಾರ್ಥಿಗಳಿಂದ ಮಾಡಿಸಬೇಕು. ಭಾರತದ ವಸತಿ ಕಟ್ಟಡಗಳಿಗಾಗಿ 2018ರಲ್ಲಿ ಹೊರಬಂದ ಇಕೋ-ನಿವಾಸ್ ಸಂಹಿತೆಯೂ ಇಂಥದೇ ಮೂರು ಪದಗಳ ಸರಾಸರಿಯನ್ನು ಆಶ್ರಯಿಸಿರುವುದರಿಂದ, ಈ ಎಚ್ಚರ ನಮ್ಮ ತರಗತಿಗಳಲ್ಲಿಯೂ ಅವಶ್ಯವೆಂದು ಭಾವಿಸುತ್ತೇವೆ.